ಬದುವಿನ ಮೇಲೆ ಕೂತು ಕೇಳಬೇಕಾದ ಮಾತು

ಎಪ್ಪತ್ತೊಂಬತ್ತರ ಮಳೆಗಾಲದ ಹೊತ್ತಿಗೆ ನಾನು ಹತ್ತಿಮತ್ತೂರಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ನನ್ನ ಗಂಡನ ಅಣ್ಣ ಗುದ್ಲೆಪ್ಪನವರ ಜೊತೆ ನಾನು ಒಂದು ಮಾತನ್ನೂ ಆಡಿರಲಿಲ್ಲ. ನಮ್ಮ ನಡುವೆ ಜಗಳ ಇರಲಿಲ್ಲ, ಪದ್ಧತಿ ಇತ್ತು. ನಮ್ಮಂಥ ಒಕ್ಕಲು ಮನೆಗಳಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವುದಿಲ್ಲ, ಅವನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಅವರು ಬಂದರೆ ನಾನು ಸೆರಗು ಹೊದ್ದು ಸರಿಯಬೇಕು. ನಾನು ಪಡಸಾಲೆಯಲ್ಲಿದ್ದರೆ ಅವರು ಅಂಗಳದಲ್ಲೇ ಕೆಮ್ಮಿ ಒಳಗೆ ಬರಬೇಕು. ಇಬ್ಬರೂ ತಪ್ಪದೆ ನಡೆಸಿಕೊಂಡು ಬಂದಿದ್ದೆವು.

ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದ್ದರಿಂದ ಯಾವುದನ್ನೇ ಆಗಲಿ ಸ್ವಲ್ಪ ಹೊತ್ತು ಸುಮ್ಮನೆ ನೋಡುವ ಅಭ್ಯಾಸ ನನಗಿತ್ತು. ಈ ಮನೆಯಲ್ಲಿ ಯಾರು ಯಾರಿಗೆ ಏನನ್ನು ಹೇಗೆ ಕೇಳುತ್ತಾರೆ ಎಂಬುದನ್ನೂ ಹಾಗೆಯೇ ನೋಡಿದ್ದೆ. ಗಂಡಸರು ಮನೆಯೊಳಗೆ ಏನನ್ನೂ ಕೇಳುತ್ತಿರಲಿಲ್ಲ. ವಸ್ತುವಿನ ಹೆಸರು ಹೇಳುತ್ತಿದ್ದರು. ಭಾವನವರು "ಚರಿಗಿ" ಅಂದರೆ ನೀರು ತುಂಬಿದ ಚರಿಗೆ ಬರುತ್ತಿತ್ತು. ಹೆಂಗಸರೂ ಕೇಳುತ್ತಿರಲಿಲ್ಲ, ಸುದ್ದಿ ಹೇಳುತ್ತಿದ್ದರು. ಭಾವನವರ ಹೆಂಡತಿ, ನನ್ನ ನೆಗೆಣ್ಣಿ ತಿಪ್ಪವ್ವ, ಒಲೆಯ ಕಡೆ ಮುಖ ಮಾಡಿ "ಎಣ್ಣಿ ತಳ ಕಂಡೈತಿ" ಅನ್ನುತ್ತಿದ್ದಳು. ಹೊರಗೆ ಕೂತ ಗಂಡಸರು ಅದನ್ನು ಕೇಳಿಸಿಕೊಂಡರೂ ಕೇಳಿಸದವರಂತೆ ಎದ್ದು, ಸಂತೆಯಿಂದ ಎಣ್ಣೆ ತರುತ್ತಿದ್ದರು.

ನಿಜವಾಗಿ ಕೇಳುತ್ತಿದ್ದದ್ದು ಹೊಲದಲ್ಲಿ, ಗಂಡಸರು ಗಂಡಸರ ನಡುವೆ. ಅದಕ್ಕೊಂದು ಕ್ರಮವಿತ್ತು. ಪಕ್ಕದ ಹೊಲದ ಫಕ್ಕೀರಪ್ಪ ಬಂದು ಬದುವಿನ ಮೇಲೆ ಕೂರುತ್ತಿದ್ದ. ಎಲೆಯಡಿಕೆ ಚೀಲ ಬಿಚ್ಚಿ ಮೊದಲು ಭಾವನವರಿಗೆ ಚಾಚುತ್ತಿದ್ದ.

"ಏನಪಾ ಗುದ್ಲೆಪ್ಪ, ಕರೇ ಎತ್ತು ಬಡವಾದಂಗ ಕಾಣ್ತೈತಲ್ಲ?"

"ಎತ್ತಲ್ಲೋ, ನಿನ್ನ ಕಣ್ಣು ಬಡವಾಗ್ಯಾವು."

ಮಳೆ, ಕಳೆ, ಸವಣೂರಿನ ದನದ ಸಂತೆ ಎಲ್ಲ ಮುಗಿದು, ಎಲೆಯ ರಸ ಉಗುಳಿ, ಎದ್ದು ಧೋತರದ ಮಣ್ಣು ಝಾಡಿಸುವಾಗ ಫಕ್ಕೀರಪ್ಪನಿಂದ ಆಗಷ್ಟೇ ನೆನಪಾದಂತೆ ಮಾತು ಬರುತ್ತಿತ್ತು: "ಅಂದಂಗ, ನಾಳಿಗೆ ನಿನ್ನ ಕುಂಟಿ ಬಿಡುವು ಐತೇನು?"

"ಒಯ್ಯಿ."

ಕಳೆ ಹರಗುವ ಕುಂಟೆಗಾಗಿಯೇ ಅವನು ಬಂದಿದ್ದಾನೆಂದು ಅವನು ಬದು ಹತ್ತುವಾಗಲೇ ಇಬ್ಬರಿಗೂ ಗೊತ್ತಿರುತ್ತಿತ್ತು. ಆದರೂ ಎದ್ದು ನಿಂತ ಮೇಲೆಯೇ ಕೇಳಬೇಕು. ಕೂತಲ್ಲೇ ಕೇಳಿದರೆ, ಇಲ್ಲ ಅನ್ನಬೇಕಾದವನು ಎದುರಿಗೆ ಸಿಕ್ಕಿಬೀಳುತ್ತಾನೆ. ಎದ್ದು ಹೊರಟವನಿಗೆ ಇಲ್ಲ ಅನ್ನುವುದು ಇಬ್ಬರಿಗೂ ಹಗುರ. ನನಗೆ ಆ ಕ್ರಮ ಬಹಳ ಮೆಚ್ಚುಗೆಯಾಗಿತ್ತು.

ಆ ವರ್ಷ ನಾನು ಹಳ್ಳದ ಕಡೆಯ ಒಂದು ಎಕರೆಯಲ್ಲಿ ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟು ಹಾಕಿಸಿದ್ದೆ. ನನ್ನ ಗಂಡ ಪರಮೇಶಪ್ಪ ಹಿರೇಕೆರೂರಿನಲ್ಲಿ ಹೈಸ್ಕೂಲು ಮಾಸ್ತರರು, ಶನಿವಾರ ಬಂದು ಸೋಮವಾರ ಹೋಗುವವರು. ಪ್ಲಾಟಿನ ಕೆಲಸ ಪೂರ್ತಿ ನನ್ನದೇ. ಸಂಜೆ ಹೆಣ್ಣು ಗಿಡದಲ್ಲಿ ನಾಳೆ ಅರಳಲಿರುವ ಮೊಗ್ಗು ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಗಂಡು ಭಾಗವನ್ನೂ ತೆಗೆದು, ಉಳಿದ ತುದಿಗೆ ಕೆಂಪು ಕಾಗದದ ಕೊಳವೆ ತೊಡಿಸಬೇಕು. ಬೆಳಿಗ್ಗೆ ಗಂಡು ಗಿಡದ ಹೂವು ತಂದು ಅದರ ಪರಾಗ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಇದಕ್ಕೆ ಊರಲ್ಲಿ ಕ್ರಾಸಿಂಗ್ ಅಂತಲೇ ಹೆಸರು. ಶೇಖವ್ವ ಎಂಬಾಕೆ ತನ್ನ ಓಣಿಯ ಹೆಂಗಸರನ್ನೆಲ್ಲ ಕರೆತಂದಿದ್ದಳು. ಮೊದಲ ದಿನ ನಾನು ಮೊಗ್ಗು ಹಿಡಿದು ತೋರಿಸಿದಾಗ ಅವಳು ಅಂದದ್ದು ಇಡೀ ಊರಿಗೆ ಹಬ್ಬಿತ್ತು.

"ಅಕ್ಕಾರ, ಹೂವಿನ್ಯಾಗ ಗಂಡನ್ನ ಕಿತ್ತು ಒಗಿಯೂದು ಕಲಿಸಿದ್ರಿ. ಈ ವಿದ್ಯಾ ಮನಿಗೆ ಒಯ್ದ್ರ ನಡೀತೈತೇನು?"

"ಮನ್ಯಾಗ ಮರುದಿನ ಮುಂಜಾನಿ ಮತ್ತ ಬೇಕಾಗ್ತಾರ ಶೇಖವ್ವ," ಅಂದೆ.

ಕೆಲಸ ಚೆನ್ನಾಗಿ ನಡೆದಿತ್ತು. ಆ ಹೆಂಗಸರ ಉಗುರು ಕಾಲೇಜಿನ ಚಿಮಟಕ್ಕಿಂತ ಕಡಿಮೆ ಇರಲಿಲ್ಲ, ನನ್ನದೂ ಅವರಿಗಿಂತ ಕಡಿಮೆ ಇರಲಿಲ್ಲ. ದೀಪಾವಳಿಯವರೆಗೂ ಕೆಲಸ ಕೊಡುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ.

ತೊಂದರೆ ಬಂದದ್ದು ಬದುವಿನ ಆಚೆಯಿಂದ. ಅಲ್ಲಿ ಭಾವನವರು ಜೋಳ ಬಿತ್ತಿದ್ದರು. ಮೊದಲ ಮಳೆ ಜೋರಾಗಿ ಹೊಡೆದು ಬೀಜ ಕೊಚ್ಚಿಹೋಯಿತು. ನಾನು ಆಗ ತವರಿಗೆ, ಬಂಕಾಪುರಕ್ಕೆ ಹೋಗಿದ್ದೆ. ಮನೆಯಲ್ಲಿ ಉಳಿದಿದ್ದ ಸಾದಾ ಹತ್ತಿಬೀಜವನ್ನೇ ಅವರು ಅಲ್ಲಿ ಮರುಬಿತ್ತನೆ ಮಾಡಿದರು. ಬೀಜದ ಪ್ಲಾಟಿನ ಸುತ್ತ ಮೂವತ್ತು ಮೀಟರಿನೊಳಗೆ ಬೇರೆ ಹತ್ತಿ ಇರಬಾರದೆಂಬ ನಿಯಮ ಅವರಿಗೆ ಯಾರು ಹೇಳಬೇಕಿತ್ತು? ನಾನೇ. ಹೇಳುವ ಹಾಗಿರಲಿಲ್ಲ. ಆ ಗಿಡಗಳು ಈಗ ಮೊಗ್ಗು ಬಿಡತೊಡಗಿದ್ದವು. ಅವು ಹೂಬಿಟ್ಟರೆ ಜೇನುಹುಳ ಆ ಪರಾಗವನ್ನು ಇತ್ತ ತರುತ್ತದೆ, ತಪಾಸಣೆಯ ಅಧಿಕಾರಿ ಪ್ಲಾಟು ರದ್ದು ಮಾಡುತ್ತಾರೆ. ನಾವು ದಾರ ಕಟ್ಟಿದ ಕಾಯಿಗಳೆಲ್ಲ ಎತ್ತಿನ ಮುಂದೆ ಸುರಿಯುವ ಹತ್ತಿಕಾಳಾಗುತ್ತವೆ. ಶೇಖವ್ವನ ಓಣಿಯ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ವರ್ಷ ನನ್ನ ಕೈಗೆ ಯಾರೂ ಒಂದು ಗೇಣು ಹೊಲವನ್ನೂ ಕೊಡುವುದಿಲ್ಲ.

ಬದುವಿನಿಂದ ಮೂವತ್ತು ಮೀಟರಿನವರೆಗಿನ ಸಾಲುಗಳನ್ನು ಭಾವನವರು ಕಿತ್ತರೆ ಸಾಕಿತ್ತು. ಹೇಳಬೇಕಾದ ಮಾತು ಇಷ್ಟೇ.

ಮೊದಲು ತಿಪ್ಪವ್ವನ ಕೈಯಲ್ಲಿ ಹೇಳಿಸಿದೆ. ಅವಳು ಊಟಕ್ಕೆ ಬಡಿಸುವಾಗ ತನ್ನ ರೀತಿಯಲ್ಲಿ ಸುದ್ದಿ ಮಾಡಿ ಹೇಳಿದಳು: "ಬದುವಿನ ಕಡೆ ಹತ್ತಿ ಇದ್ರ ಬೀಜ ಕೆಡತೈತಂತ."

ಭಾವನವರು ರೊಟ್ಟಿ ಮುರಿಯುತ್ತ "ಕೆಡ್ಲಿ" ಅಂದರು. ಅಡುಗೆಮನೆಯ ಬಾಗಿಲ ಹಿಂದೆ ನಿಂತ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಬಿರುಸಾಗಿ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಶನಿವಾರ ಗಂಡನಿಗೆ ಹೇಳಿದೆ. "ನೀವಽ ಕೇಳ್ರಿ. ನಿಮ್ಮ ಅಣ್ಣಾರು."

"ಅಣ್ಣಗ ನಾ ಎಂದಾದ್ರೂ ಏನಾದ್ರೂ ಕೇಳೇನಿ?" ಅಂದರು. "ಕಾಲೇಜು ಕಲೀತೇನಿ ಅಂತ ಕೂಡ ಕೇಳಲಿಲ್ಲ. ಅವನಽ ಒಂದಿನ 'ಗಂಟು ಕಟ್ಟಿಕೋ' ಅಂದ, ಹೋದೆ."

ಆದರೂ ಭಾನುವಾರ ಹೊಲಕ್ಕೆ ಹೋದರು, ಅಣ್ಣನ ಬೆನ್ನಹಿಂದೆ ಸಂಜೆಯತನಕ ಕಳೆ ಕಿತ್ತರು, ಏನೂ ಕೇಳದೆ ಸೋಮವಾರ ಬಸ್ಸು ಹತ್ತಿದರು.

ಶೇಖವ್ವನ ಹತ್ತಿರ ಬೇರೆ ಉಪಾಯವಿತ್ತು. "ಅಕ್ಕಾರ, ಅವರು ಹೊಲದಾಗ ಇದ್ದಾಗ ಹೋಗಿ ಬಾಯಿ ಬಿಡದಂಗ ಉಡಿ ಒಡ್ಡಿ ನಿಂತು ಬಿಡ್ರಿ. ಹೆಣ್ಮಗಳು ಉಡಿ ಒಡ್ಡಿದ್ರ ಎಂಥಾ ಗಂಡಸೂ ಇಲ್ಲ ಅನ್ನಂಗಿಲ್ಲ."

ಅದು ನಿಜ. ನಮ್ಮ ಕಡೆ ಹೆಣ್ಣು ಸೆರಗು ಚಾಚಿ ನಿಂತರೆ ಅದರ ಮುಂದೆ ಮಾತಿಲ್ಲ. ನಾನು ಒಂದು ಕ್ಷಣ ಅದನ್ನೂ ಯೋಚಿಸಿದೆ. "ಅದು ಜೀವಕ್ಕ ಬಂದಾಗ ಕೇಳೂದು ಶೇಖವ್ವ," ಅಂದೆ. "ನಾ ಬೇಡಾಕತ್ತಿಲ್ಲ. ಒಬ್ಬ ಒಕ್ಕಲಿಗ ಇನ್ನೊಬ್ಬ ಒಕ್ಕಲಿಗನ್ನ ಕೇಳೂ ಮಾತಿದು. ಫಕ್ಕೀರಪ್ಪ ಕುಂಟಿ ಕೇಳಾಕ ಉಡಿ ಒಡ್ಡತಾನೇನು?"

"ಅವಗ ಉಡೀನ ಇಲ್ಲಲ್ರಿ!"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ "ಕೆಡ್ಲಿ" ಎಂಬ ಮಾತು ನನ್ನನ್ನು ಬಿಟ್ಟಿರಲಿಲ್ಲ. ಭಾವನವರು ಹೊಟ್ಟೆಕಿಚ್ಚಿನ ಮನುಷ್ಯರಲ್ಲ. ಬಿತ್ತುವ ಕೂರಿಗೆಗೆ ಅರಿಶಿನ ಹಚ್ಚಿ ಈ ಪ್ಲಾಟಿನ ಮೊದಲ ಸಾಲು ಹೊಡೆದವರೇ ಅವರು. ನಡುವೆ ಏನೋ ಆಗಿರಬೇಕು. ರಾತ್ರಿಯ ಊಟದ ಪಾತ್ರೆ ತಿಕ್ಕುವಾಗ ತಿಪ್ಪವ್ವನನ್ನು ಬಿಡದೆ ಕೇಳಿದೆ.

"ಅಕ್ಕಾ, ಏನಂತಾರ ಅವರು? ಖರೇ ಹೇಳು."

ಅವಳು ಬೂದಿ ಹಚ್ಚಿದ ಕೈಯನ್ನು ಹಾಗೇ ಹಿಡಿದು ನಿಂತಳು. "'ನೀರು ತರೂ ಆಳಿಗೆ ಹೊಲದ ಮಾತು ಯಾಕ ಕೇಳ್ತೀರಿ' ಅಂದ್ರು ತಂಗಿ. ನನಗೇನೂ ತಿಳೀಲಿಲ್ಲ."

ನನಗೆ ತಿಳಿಯಿತು. ಮೊದಲ ತಪಾಸಣೆಗೆ, ಪ್ಲಾಟು ಪಾಸು ಮಾಡುವ ಬೀಜದ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದಿದ್ದರು. ತಿಪಟೂರಿನ ಕಡೆಯ ಎಳೆಯ ವಯಸ್ಸಿನವರು, ಕೆಲಸದಲ್ಲಿ ಚುರುಕು. ನನಗೆ "ಮೇಡಂ, ಸ್ವಲ್ಪ ಈ ಕಡೆ ಬರ್ತೀರಾ, ತೊಂದರೆ ಇಲ್ಲ ಅಂದ್ರೆ ಈ ಮೊಗ್ಗು ತೋರಿಸ್ತೀರಾ" ಅನ್ನುತ್ತಿದ್ದರು. ಅವರನ್ನು ಬರಮಾಡಿಕೊಳ್ಳಲೆಂದೇ ಭಾವನವರು ಉಳುಮೆ ಬಿಟ್ಟು ಬಂದು ಬದುವಿನ ಹತ್ತಿರ ನಿಂತಿದ್ದರು. ಮೈಮೇಲೆ ಅಂಗಿ ಇರಲಿಲ್ಲ, ಮೊಣಕಾಲಿನತನಕ ಕೆಸರು. ಸಾಹೇಬರು ತಿರುಗಿಯೂ ನೋಡದೆ "ಏ, ಒಂದು ಚೊಂಬು ನೀರು ತಗೊಂಡು ಬಾ, ಬೇಗ" ಅಂದರು. ಭಾವನವರು ಒಂದು ಗಳಿಗೆ ನಿಂತರು. ಆಮೇಲೆ ಹೋಗಿ ನೀರು ತಂದು ಕೊಟ್ಟರು. ಶೇಖವ್ವ, ಅವಳ ಹಿಂಡು, ಎಲ್ಲರ ಎದುರು. ನಾನು ಸೆರಗು ಹೊದ್ದು ಮುಖ ತಿರುಗಿಸಿ ನಿಂತವಳು ಅದನ್ನು ಅರೆಬರೆ ನೋಡಿದ್ದೆ, ಕೂಡಲೇ ಮೊಗ್ಗಿನ ಲೆಕ್ಕದಲ್ಲಿ ಮರೆತಿದ್ದೆ. ಅವರು ಮರೆತಿರಲಿಲ್ಲ. ಮನೆಯಲ್ಲಿ ಚರಿಗಿ ಅಂದರೆ ಸಾಕು ನೀರು ಎದುರಿಗೆ ಬರುವಂಥ ಮನುಷ್ಯ, ತನ್ನದೇ ಹೊಲದಲ್ಲಿ ಆಳಾಗಿ ನೀರು ಹೊತ್ತಿದ್ದರು.

ವಿಷಯ ಗೊತ್ತಾದ ಮೇಲೆ ನನಗೆ ದಾರಿ ಕಾಣಿಸಿತು. ಸಾಲು ಕೀಳಿರೆಂದು ನಾನು ಕೇಳುವುದಲ್ಲ, ತಿಪ್ಪವ್ವ ಕೇಳುವುದಲ್ಲ. ಕೇಳಬೇಕಾದವರು ಬುಧವಾರ ಎರಡನೆಯ ತಪಾಸಣೆಗೆ ಜೀಪಿನಲ್ಲಿ ಬರುವವರಿದ್ದರು.

ಬುಧವಾರ ಬೆಳಿಗ್ಗೆ ತಿಪ್ಪವ್ವನ ಮೂಲಕ ಒಂದೇ ಸುದ್ದಿ ಕಳಿಸಿದೆ: ಇವತ್ತು ಸಾಹೇಬರು ಬರುತ್ತಾರೆ. ಭಾವನವರು ಹೊಲಕ್ಕೆ ಹೋಗುವಾಗ ಒಗೆದ ಅಂಗಿ ಹಾಕಿಕೊಂಡು ಹೋದರು. ಪ್ಲಾಟಿನ ಕಡೆ ಬರಲಿಲ್ಲ, ಅದೇ ಬದುವಿನ ಆಚೆ ತುದಿಯಲ್ಲಿ ಎತ್ತು ಮೇಯಿಸುತ್ತ ಕೂತರು.

ಜೀಪು ಹಳ್ಳದ ಆಚೆ ನಿಂತಿತು. ಸಾಹೇಬರು ಸಾಲುಗಳ ನಡುವೆ ಓಡಾಡಿ, ಕೊಳವೆ ತೆಗೆದು ನೋಡಿ, ಖುಷಿಯಾದರು. ಆಮೇಲೆ, ಹೋದ ಸಲ ಹತ್ತದಿದ್ದ ಬದುವನ್ನು ಹತ್ತಿದವರು ಅಲ್ಲೇ ನಿಂತುಬಿಟ್ಟರು.

"ಮೇಡಂ, ಇದೇನು ಇಲ್ಲಿ ಹತ್ತಿ?"

"ಹತ್ತೀನ ರಿ."

"ಇದು ತೆಗೀಲೇಬೇಕು. ಇನ್ನೊಂದು ವಾರದಲ್ಲಿ ಹೂ ಬಿಡುತ್ತೆ. ಇವತ್ತೇ ತೆಗೆಸಿ, ಇಲ್ಲಾಂದ್ರೆ ನಾನು ಪಾಸ್ ಮಾಡೋಕಾಗಲ್ಲ. ಹೇಳಿ ಆ ಹೊಲದವರಿಗೆ."

"ನೀವಽ ಕೇಳಬೇಕಾಗ್ತೈತ್ರಿ," ಅಂದೆ. "ಆ ಹೊಲ ನಮ್ಮ ಭಾವನವರದು. ಈ ಹೊಲಾನೂ ಅವರದಽ. ಈ ಮನಿತನದ ಹಿರೇರು ಅವರು."

"ಎಲ್ಲಿದ್ದಾರೆ?"

"ಅಲ್ಲಿ ಕುಂತಾರಲ್ರಿ. ಹ್ವಾದ ಸಲ ನಿಮಗ ನೀರು ತಂದುಕೊಟ್ಟವ್ರು."

ಸಾಹೇಬರು ಆ ಕಡೆ ನೋಡಿದರು. ನನ್ನ ಕಡೆ ನೋಡಿದರು. ಕಿವಿಯ ತುದಿ ಕೆಂಪಾಯಿತು. ಒಳ್ಳೆಯ ಮನೆಯ ಹುಡುಗ, ಅರ್ಥ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನೀವೂ ಬನ್ನಿ ಮೇಡಂ, ಜೊತೆಗೆ."

"ನಾ ಅವರ ಮುಂದ ಮಾತಾಡಂಗಿಲ್ರಿ. ಆದ್ರ ಹೆಂಗ ಕೇಳಬೇಕು ಅನ್ನೂದನ್ನ ಹೇಳ್ತೇನಿ." ಹೇಳಿಯೂ ಕೊಟ್ಟೆ. ಬದುವಿನ ಮೇಲೆ ಕೂರಬೇಕು. ನೀವಾಗಿ ಎಲೆಯಡಿಕೆ ಕೊಡಬೇಕು. ಹತ್ತಿಯ ಹೆಸರು ಎತ್ತಬಾರದು, ಎತ್ತಿನ ಮಾತಾಡಬೇಕು. ಎದ್ದು ನಿಂತ ಮೇಲೆ, ಹೊರಡುವಾಗ ಕೇಳಬೇಕು.

"ಎದ್ದ ಮೇಲಾ? ಮರೆತು ಹೋದ್ರೆ?"

"ಮರತ್ರ ಪ್ಲಾಟು ರದ್ದಾಗ್ತೈತ್ರಿ," ಅಂದೆ.

ಶೇಖವ್ವ ತನ್ನ ಸೊಂಟದ ಎಲೆಯಡಿಕೆ ಚೀಲವನ್ನು ಬಿಚ್ಚಿ ಅವರ ಕೈಗಿಟ್ಟಳು. "ಸುಣ್ಣ ಭಾಳ ಹಚ್ಚಬ್ಯಾಡ್ರಿ ಸಾಹೇಬ್ರ, ಬಾಯಿ ಸುಟ್ರ ಇನ್ನೂ ಸಿಟ್ಟಿಗೇಳ್ತಾರ."

ನಾವು ಪ್ಲಾಟಿನ ಸಾಲುಗಳಲ್ಲಿ, ಮಾತು ಕೇಳಿಸುವಷ್ಟು ಹತ್ತಿರ, ಮೊಗ್ಗು ಹುಡುಕುವವರಂತೆ ಬಗ್ಗಿ ನಿಂತೆವು. ಆ ಹೊತ್ತಿನಲ್ಲಿ ಮೊಗ್ಗಿನ ಕೆಲಸ ಇರುವುದಿಲ್ಲ, ಅದು ಸಂಜೆಯದು. ಭಾವನವರಿಗೂ ಅದು ಗೊತ್ತಿತ್ತು. ಸಾಹೇಬರು ಪ್ಯಾಂಟು ಎತ್ತಿ ಹಿಡಿದು ಬದುವಿನ ಮೇಲೆ ಕೂರುವಾಗ ಮುಳ್ಳು ಚುಚ್ಚಿ ಒಮ್ಮೆ ಎದ್ದು ಮತ್ತೆ ಕೂತರು.

"ನಮಸ್ಕಾರ ಯಜಮಾನ್ರೇ. ಎಲೆ ಹಾಕ್ಕೊಳ್ಳಿ."

ಭಾವನವರು ತಕ್ಷಣ ಕೈ ಚಾಚಲಿಲ್ಲ. ಎಲೆಯನ್ನು ನೋಡಿದರು, ಚೀಲ ನೋಡಿದರು. "ಚೀಲ ಶೇಖವ್ವಂದು ಕಾಣ್ತೈತಿ."

"ಹೌದು. ನನ್ನ ಹತ್ರ ಇರಲಿಲ್ಲ, ಕೇಳಿ ಇಸ್ಕೊಂಡೆ."

ಅದು ಭಾವನವರಿಗೆ ಸರಿ ಕಂಡಿರಬೇಕು. ಎಲೆ ತೆಗೆದುಕೊಂಡರು. "ಯಾವ ಕಡ್ಯಾವ್ರು?"

"ತಿಪಟೂರು ಕಡೆ. ನಮ್ಮಲ್ಲಿ ಬರೀ ತೆಂಗು."

"ತೆಂಗಿನ ಹೂವಿನ್ಯಾಗ ಗಂಡು ಕೀಳೂದಿಲ್ಲೇನು?"

"ಅಷ್ಟು ಎತ್ತರ ಹತ್ತೋರು ಯಾರು ಸ್ವಾಮಿ?"

"ಶೇಖವ್ವನ್ನ ಒಯ್ರಿ. ಹತ್ತತಾಳ."

ನನ್ನ ಪಕ್ಕದಲ್ಲಿ ಶೇಖವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಲ್ಲಿ ಎತ್ತಿನ ಮಾತು ಶುರುವಾಯಿತು. ಎತ್ತಿನ ಸುಳಿ, ಎತ್ತಿನ ಹಲ್ಲು, ಸಾಹೇಬರ ಅಜ್ಜನ ಮನೆಯಲ್ಲಿದ್ದ ಜೋಡಿ. ಮಾತು ಚೆನ್ನಾಗಿಯೇ ಸಾಗಿತ್ತು. ಬಿಸಿಲು ಏರುತ್ತಿತ್ತು, ನನಗೆ ಬೆನ್ನು ನೋಯುತ್ತಿತ್ತು. ಕೊನೆಗೆ ಸಾಹೇಬರು ಎದ್ದು ಪ್ಯಾಂಟಿನ ಮಣ್ಣು ಝಾಡಿಸಿದರು. ನಾಲ್ಕು ಹೆಜ್ಜೆ ಹೊರಟೇಬಿಟ್ಟರು. ಮರೆತರೇನೋ ಎಂದು ನಾನು ತಲೆ ಎತ್ತಿ ನೋಡಿದೆ. ಅಲ್ಲಿಂದ ತಿರುಗಿದರು.

"ಅಂದ ಹಾಗೆ ಯಜಮಾನ್ರೇ, ಈ ಬದುವಿನ ಕಡೆ ಸಾಲು ಒಂದಿಷ್ಟು ತೆಗೆಸಿಕೊಡೋಕೆ ಆಗುತ್ತಾ? ನಿಮ್ಮ ಬೆಳೆ, ನೀವು ಹೇಳಿದ ಹಾಗೆ. ಇಲ್ಲ ಅಂದ್ರೂ ಬೇಜಾರಿಲ್ಲ."

ಬೇಜಾರಿಲ್ಲ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ಅವರ ತಿಪಟೂರಿನದೇ ಇರಬೇಕು.

ಭಾವನವರು ಎದ್ದರು. "ಬಿಸಲಾಗ ಬಂದೀರಿ. ಬಾಯಾರಿಕಿ ಆಗಿರ್ಬೇಕು, ನೀರು ತರ್ಲೇನ್ರಿ?"

ಸಾಹೇಬರು ತಲೆ ತಗ್ಗಿಸಿದರು. "ಬೇಡ. ನಾನೇ ಹೋಗಿ ಕುಡೀತೀನಿ. ಅವತ್ತೂ ಹಾಗೇ ಮಾಡಬೇಕಿತ್ತು," ಅಂದು ಬೇವಿನ ಗಿಡದ ಬುಡದಲ್ಲಿದ್ದ ಕೊಡದ ಹತ್ತಿರ ಹೋಗಿ ಬಗ್ಗಿಸಿ ಕುಡಿದರು. ಭಾವನವರು ಅವರು ಕುಡಿಯುವುದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಒಗೆದ ಅಂಗಿಯನ್ನು ಕಳಚಿ ಎತ್ತಿನ ಕೊಂಬಿಗೆ ಸಿಕ್ಕಿಸಿ, ಬದುವಿನ ಪಕ್ಕದ ಮೊದಲ ಸಾಲಿಗೆ ಕೈ ಹಾಕಿದರು.

ಹಸಿ ಮಣ್ಣು, ಗಿಡ ಸಲೀಸಾಗಿ ಬರುತ್ತಿತ್ತು. ಅವರು ಎರಡೂ ಕೈಯಲ್ಲಿ ಕಿತ್ತು ಬದುವಿಗೆ ಒಗೆಯುತ್ತ ಹೊರಟರು. ಸಾಹೇಬರೂ ತೋಳು ಮಡಚಿ ಒಂದು ಸಾಲು ಹಿಡಿದರು. ಹೆಂಗಸರು ಕಿತ್ತ ಗಿಡಗಳನ್ನು ಆಡಿಗೆಂದು ಹೊರೆ ಕಟ್ಟತೊಡಗಿದರು. ನಾನು ಹಿಂದಿನ ದಿನವೇ ಟೇಪು ಹಿಡಿದು ಅಳೆದು, ಮೂವತ್ತು ಮೀಟರು ಮುಗಿಯುವಲ್ಲಿ ಒಂದು ತೊಗರಿ ಕಡ್ಡಿ ನೆಟ್ಟಿದ್ದೆ. ಬೆಳೆದ ಗಿಡಗಳ ನಡುವೆ ಅದು ನೆಟ್ಟವಳಿಗೆ ಮಾತ್ರ ಕಾಣುವಂತಿತ್ತು.

ಭಾವನವರಿಗೆ ಹುರುಪು ಬಂದಿತ್ತು. ಸಾಹೇಬರನ್ನು ಹಿಂದೆ ಹಾಕಿ, ಕಡ್ಡಿಯವರೆಗೆ ಬಂದರು. ಕಡ್ಡಿಯನ್ನೂ ಗಿಡವೆಂದು ಕಿತ್ತು ಒಗೆದರು. ಮುಂದಿನ ಸಾಲಿಗೆ ಕೈ ಹಾಕಿದರು. ಅದನ್ನೂ ಮುಗಿಸಿ ಅದರಾಚೆಯ ಸಾಲಿಗೆ ಹೋದರು. ಒಳ್ಳೆಯ ಬೆಳೆ, ಮೈತುಂಬ ಮೊಗ್ಗು. ತಿಪ್ಪವ್ವ ಅಲ್ಲಿರಲಿಲ್ಲ. ಶೇಖವ್ವ ಹೊರೆ ಹೊತ್ತು ದೂರ ಹೋಗಿದ್ದಳು. ಸಾಹೇಬರಿಗೆ ಕಡ್ಡಿಯ ವಿಷಯ ಗೊತ್ತಿರಲಿಲ್ಲ. ಉಳಿದ ಹೆಂಗಸರು ಭಾವನವರಿಗೆ ಹೇಳುವ ಧೈರ್ಯದವರಲ್ಲ, ಸಾಹೇಬರಿಗೆ ವಿವರಿಸುವಷ್ಟು ಹೊತ್ತಿರಲಿಲ್ಲ, ಭಾವನವರ ಕೈ ನಿಲ್ಲುತ್ತಿರಲಿಲ್ಲ.

"ಸಾಕ್ರಿ ಭಾವಾರ!" ಅಂದೆ. "ಅಲ್ಲಿಗೆ ಸಾಕು, ಕೀಳಬ್ಯಾಡ್ರಿ!"

ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಹೊರೆ ಕಟ್ಟುತ್ತಿದ್ದವರು ಹಾಗೇ ನಿಂತರು. ಭಾವನವರು ಬೇರಿನ ಮಣ್ಣು ಉದುರುತ್ತಿದ್ದ ಗಿಡವೊಂದನ್ನು ಕೈಯಲ್ಲಿ ಹಿಡಿದು ಸೊಂಟ ನೆಟ್ಟಗೆ ಮಾಡಿದರು. ಈ ಕಡೆ ತಿರುಗಲಿಲ್ಲ, ಹತ್ತಿಯನ್ನೇ ನೋಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡೆ. ಆದರೆ ಹಿಂದೆ ಸರಿಯಲಿಲ್ಲ.

"ಹೆಚ್ಚಿಗಿ ಕಿತ್ತೇನೇನು?" ಅಂದರು.

"ಎರಡು ಸಾಲು ರಿ."

ಅವರು ಆ ಎರಡು ಸಾಲಿನ ಖಾಲಿ ಮಣ್ಣನ್ನು ನೋಡಿದರು, ಕೈಯಲ್ಲಿದ್ದ ಗಿಡವನ್ನು ನೋಡಿದರು. "ಹೋಗ್ಲಿ ಬಿಡವಾ. ಮೊದಲಽ ಹೇಳೂದಲ್ಲ?"

"ಮುಂದಿನ ವರ್ಷ ಬಿತ್ತೂಕಿಂತ ಮೊದಲಽ ಹೇಳ್ತೇನಿ," ಅಂದೆ.

"ಹ್ಞೂಂ," ಅಂದು, ಗಿಡವನ್ನು ಎತ್ತಿನ ಮುಂದೆ ಒಗೆದು, ಭಾವನವರು ಅಂಗಿ ತೆಗೆದುಕೊಳ್ಳಲು ಹೋದರು.